ಘಾಟಿಯ ಲಾರಿಗಳೂ ನೆನಪಿನ ನ್ಯಾಯವೂ

ಹಿಂದಿನ ಕಾಲವೇ ಚೆನ್ನಾಗಿತ್ತೆಂಬ ಮಾತು ಎಲ್ಲ ಕಾಲಗಳಲ್ಲಿಯೂ ಕೇಳಿಬಂದ ಮಾತು. ಅದನ್ನು ಮುಪ್ಪಿನ ಸಹಜ ದೌರ್ಬಲ್ಯವೆಂದು ನಕ್ಕು ತಳ್ಳಿಬಿಡುವುದು ಸುಲಭ. ಹಿರಿಯರ ಮಾತೆಂದು ತಲೆಬಾಗಿ ಒಪ್ಪಿಬಿಡುವುದೂ ಅಷ್ಟೇ ಸುಲಭ. ಎರಡರಲ್ಲಿಯೂ ವಿಚಾರಕ್ಕೆ ಕೆಲಸವಿಲ್ಲ. ಆ ಮಾತಿನಲ್ಲಿ ಕಾಳೆಷ್ಟು, ಜೊಳ್ಳೆಷ್ಟು, ಅದನ್ನು ಕೇಳುತ್ತ ಬೆಳೆಯುವ ಮಕ್ಕಳ ಮನಸ್ಸಿನ ಮೇಲೆ ಅದು ಏನು ಮಾಡುತ್ತದೆ ಎಂಬುದನ್ನು ತೂಗಿ ನೋಡಬೇಕಾದರೆ ಕಣ್ಣೆದುರಿಗೆ ಒಂದು ವಸ್ತುವನ್ನಿಟ್ಟುಕೊಳ್ಳುವುದು ಮೇಲು. ನಾನು ಇಟ್ಟುಕೊಂಡಿರುವ ವಸ್ತು ಲಾರಿ. ಗಹನವಾದ ಪ್ರಶ್ನೆಗೆ ಇದೆಂತಹ ಸಾಮಗ್ರಿಯೆಂದು ವಾಚಕರು ಹುಬ್ಬೇರಿಸಬಾರದು. ನಮ್ಮ ಬೆಟ್ಟದ ಸೀಮೆಯಲ್ಲಿ ಹಿರಿಯರ ನೆನಪುಗಳು ದೇವಸ್ಥಾನದ ಜಗಲಿಯಲ್ಲಿ ಎಷ್ಟು ಕುಳಿತಿವೆಯೋ ಲಾರಿಯ ಮುಂಗಟ್ಟಿನಲ್ಲಿಯೂ ಅಷ್ಟೇ ಕುಳಿತಿವೆ.

ತಾಳವಾಡಿಯ ನೆಲೆಯನ್ನು ದೂರದ ವಾಚಕರಿಗೆ ಒಂದೆರಡು ಮಾತಿನಲ್ಲಿ ತಿಳಿಸಬೇಕು. ನಮ್ಮದು ಕನ್ನಡವಾಡುವ ಪ್ರಸ್ಥಭೂಮಿ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಸೇರಿತು, ನಾವು ಮದರಾಸಿನಲ್ಲಿಯೇ ಉಳಿದೆವು. 1979ರಲ್ಲಿ ಈರೋಡು ಕಡೆಯ ಹೊಸ ಜಿಲ್ಲೆಗೆ ಸೇರಿದೆವು. 2016ರಲ್ಲಿ ತಾಳವಾಡಿ ತಾನೇ ಒಂದು ತಾಲ್ಲೂಕಾಯಿತು. ಅದಕ್ಕೆ ಮೊದಲು ತಾಲ್ಲೂಕು ಕಚೇರಿಯ ಒಂದು ಮೊಹರಿಗಾಗಿ ಸತ್ಯಮಂಗಲಕ್ಕೆ ಇಳಿಯಬೇಕಾಗಿತ್ತು. ಇಳಿಯುವುದೆಂದರೆ ಅಕ್ಷರಶಃ ಇಳಿಯುವುದು: ಮೂರು ಸಾವಿರ ಅಡಿಗೂ ಮಿಕ್ಕ ಎತ್ತರದ ದಿಂಬಂನಿಂದ ಬಣ್ಣಾರಿಯ ಬಯಲಿಗೆ 27 ಕಡಿದಾದ ತಿರುವುಗಳು. ಚಾಮರಾಜನಗರದಿಂದ ಪುಣಜನೂರು, ಹಾಸನೂರುಗಳ ಮೇಲೆ ಹಾದುಬರುವ ಬೆಂಗಳೂರು–ಕೊಯಮತ್ತೂರು ಹೆದ್ದಾರಿ ಇದೇ. ಮೈಸೂರಿನ ಬಯಲಿಗೂ ಕೊಂಗುನಾಡಿನ ಬಯಲಿಗೂ ನಡುವಣ ಸಾಮಾನೆಲ್ಲ ಈ ಮೆಟ್ಟಿಲುಗಳನ್ನು ಹತ್ತಿ ಇಳಿದೇ ಹೋಗಬೇಕು.

ಈ ಘಾಟಿಯನ್ನು ಹತ್ತಿದ ಹಳೆಯ ಲಾರಿಗಳನ್ನು ಕುರಿತು ನಮ್ಮ ಮುದುಕರು ಮಾತನಾಡತೊಡಗಿದರೆ ಚಹಾ ಆರಿಹೋಗುತ್ತದೆ. ಬೆಡ್‌ಫೋರ್ಡ್, ಆಸ್ಟಿನ್, ಕಾಮರ್, ಲೇಲ್ಯಾಂಡ್ ಎಂದು ಗೋತ್ರಪ್ರವರ ಹೇಳುವವರಂತೆ ಹೆಸರುಗಳನ್ನು ಹೇಳುತ್ತಾರೆ. ಮೂಗು ಮುಂದಕ್ಕೆ ಚಾಚಿದ ಲಾರಿ, ನೀರು ಕುದಿದು ಹೊಗೆಯಾಡುವ ರೇಡಿಯೇಟರು, ಮರದ ಮೈ, ರಾತ್ರಿ ಮೂರನೆಯ ತಿರುವಿನಲ್ಲಿ ಕೇಳಿದರೆ ಇಂಥವನ ಗಾಡಿಯೇ ಎಂದು ಹೇಳಬಹುದಾಗಿದ್ದ ಎಂಜಿನಿನ ದನಿ. ಎಲ್ಲವನ್ನೂ ಅವರು ‘ಬ್ರಿಟಿಷರ ಲಾರಿ’ ಎಂದೇ ಕರೆಯುತ್ತಾರೆ. ಅಮೆರಿಕೆಯ ಫಾರ್ಗೋ, ಡಾಜ್‌ಗಳನ್ನೂ ಅದೇ ಪಟ್ಟಿಗೆ ಸೇರಿಸುತ್ತಾರೆ. 1954ರಿಂದ ಜಮ್‌ಶೆಡ್‌ಪುರದಲ್ಲಿ ಜರ್ಮನರ ಸಹಯೋಗದಿಂದ ತಯಾರಾದ, 1969ರವರೆಗೆ ಆ ಸಹಯೋಗದಲ್ಲಿಯೇ ಇದ್ದ ಟಾಟಾ ಮರ್ಸಿಡಿಸನ್ನು ಕೂಡ ಒಬ್ಬರು ನನಗೆ ಇಂಗ್ಲೆಂಡಿನದೆಂದೇ ವಾದಿಸಿದರು. ನೆನಪಿಗೆ ಭೂಗೋಳದ ಪಾಠವಾಗಿರುವುದಿಲ್ಲ.

ನಡೆದುದಾದರೂ ತಿಳಿದಿರಲಿ. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲು ಸಿಕ್ಕದೆ ಮೋಟಾರುಗಳ ಬೆನ್ನಿಗೆ ಇದ್ದಿಲೊಲೆಯನ್ನು ಕಟ್ಟಿ ಅದರ ಅನಿಲದಿಂದ ಓಡಿಸಿದ ಕಾಲವೊಂದಿತ್ತು. ಯುದ್ಧ ಮುಗಿದ ಮೇಲೆ ಸೈನ್ಯ ಹರಾಜು ಹಾಕಿದ ಲಾರಿಗಳೂ ರಸ್ತೆಗೆ ಬಂದವು. 1948ರಲ್ಲಿ ರಘುನಂದನ ಶರಣ್ ಎಂಬವರು ಮದರಾಸಿನಲ್ಲಿ ಅಶೋಕ್ ಮೋಟಾರ್ಸ್ ಎಂಬ ಸಂಸ್ಥೆಯನ್ನು ಆಸ್ಟಿನ್ ಕಾರುಗಳನ್ನು ಜೋಡಿಸುವುದಕ್ಕಾಗಿ ಸ್ಥಾಪಿಸಿದರು. ಬಳಿಕ ಇಂಗ್ಲೆಂಡಿನ ಲೇಲ್ಯಾಂಡ್ ಸಂಸ್ಥೆಯೊಡನೆ ಒಪ್ಪಂದವಾಗಿ ಎಣ್ಣೂರಿನಲ್ಲಿ ಕಾಮೆಟ್ ಲಾರಿಗಳ ಜೋಡಣೆ ಪ್ರಾರಂಭವಾಯಿತು. ಅಲ್ಲಿ ಜೋಡಿಸಿದ ಮೊದಲ ನಾಲ್ಕು ಕಾಮೆಟ್‌ಗಳು 1951ರ ಜೂನ್ ತಿಂಗಳಲ್ಲಿ ಮಾರಾಟವಾದದ್ದು ಮಂಗಳೂರಿನ ಹಂಚಿನ ಕಾರ್ಖಾನೆಗೆ. ಕನ್ನಡ ಕರಾವಳಿಯ ಜೇಡಿಮಣ್ಣನ್ನೇ ಅವು ಮೊದಲು ಹೊತ್ತವೆಂದು ನೆನೆದರೆ ನನಗೇನೋ ಸಂತೋಷವಾಗುತ್ತದೆ. 1955ರಲ್ಲಿ ಸಂಸ್ಥೆಗೆ ಅಶೋಕ್ ಲೇಲ್ಯಾಂಡ್ ಎಂಬ ಹೆಸರು ಬಂದಿತು. ಲ್ಯಾಂಕಷೈರಿನಲ್ಲಿ ಲೇಲ್ಯಾಂಡ್ ಎಂಬುದು ಒಂದು ಊರು. ಆ ಊರಿನ ಕಾರ್ಖಾನೆ 1896ರಲ್ಲಿ ಹಬೆಯ ಗಾಡಿಗಳಿಂದ ಹೊರಟು, ಬೆಳೆದು, 1968ರಲ್ಲಿ ಬೃಹತ್ ಸಂಸ್ಥೆಯೊಂದರಲ್ಲಿ ಕರಗಿ, ಸರ್ಕಾರದ ಕೈಗೆ ಬಂದು, ಮಾರಾಟವಾಗಿ ಹಂಚಿಹೋಯಿತು. ಆ ಊರಿನಲ್ಲಿ ಈಗಲೂ ಲಾರಿಗಳು ತಯಾರಾಗುತ್ತವೆ. ಅವುಗಳ ಹಣೆಯ ಮೇಲಿರುವ ಹೆಸರು ಬೇರೆ. ತನ್ನ ಊರಿನಲ್ಲಿ ಅಳಿದ ಹೆಸರು ನಮ್ಮ ಘಾಟಿಯನ್ನು ಇಂದಿಗೂ ಹತ್ತುತ್ತಿದೆ. ಹೆಣ್ಣುಮಗಳ ತವರುಮನೆ ಬಿದ್ದುಹೋಗಿ ಗಂಡನ ಮನೆಯಲ್ಲಿ ವಂಶ ಬೆಳೆದಂತೆ.

ಇಷ್ಟಾದ ಮೇಲೆ ಮುಖ್ಯ ವಿಷಯಕ್ಕೆ ಬರೋಣ. ಹಿರಿಯರು ಹಂಬಲಿಸುವುದು ನಿಜವಾಗಿ ಯಾವುದಕ್ಕೆ? ಕಬ್ಬಿಣಕ್ಕೆ ಎನ್ನುವುದು ಸಾಲದು. ತಮ್ಮ ಯೌವನಕ್ಕೆ ಎಂಬುದು ಸಾಮಾನ್ಯವಾಗಿ ಕೊಡುವ ಉತ್ತರ. ಅದರಲ್ಲಿ ಸತ್ಯವಿದ್ದರೂ ಅದು ಪೂರ್ಣವಲ್ಲ, ಏಕೆಂದರೆ ಯೌವನದಲ್ಲಿ ಕಂಡ ಸಾವಿರ ವಸ್ತುಗಳನ್ನು ಅವರು ಮರೆತಿದ್ದಾರೆ, ಲಾರಿಯನ್ನು ಮರೆತಿಲ್ಲ. ನನಗೆ ತೋರುವಂತೆ ಅವರು ಹಂಬಲಿಸುವುದು ಆ ಯಂತ್ರವು ಮನುಷ್ಯನಿಂದ ಬೇಡುತ್ತಿದ್ದ ಗಮನಕ್ಕೆ. ಹಳೆಯ ಲಾರಿಯ ಗೇರುಪೆಟ್ಟಿಗೆಯಲ್ಲಿ ಹಲ್ಲುಗಾಲಿಗಳ ವೇಗವನ್ನು ತಾನಾಗಿಯೇ ಸಮಗೊಳಿಸುವ ಏರ್ಪಾಡು ಇರಲಿಲ್ಲ. ಏರಿನಲ್ಲಿ ಕೆಳಗಿನ ಗೇರಿಗೆ ಬರಬೇಕಾದರೆ ಕ್ಲಚ್ಚನ್ನು ಒತ್ತಿ ಗೇರನ್ನು ಬಿಡಿಸಬೇಕು, ಕ್ಲಚ್ಚನ್ನು ಬಿಟ್ಟು ಎಂಜಿನಿನ ವೇಗವನ್ನು ಬೇಕಾದಷ್ಟೇ ಏರಿಸಬೇಕು, ಮತ್ತೆ ಕ್ಲಚ್ಚನ್ನು ಒತ್ತಿ ಗೇರನ್ನು ಕೂರಿಸಬೇಕು. ಎಷ್ಟು ಏರಿಸಿದರೆ ಬೇಕಾದಷ್ಟು ಎಂಬುದನ್ನು ಹೇಳುವ ಮುಳ್ಳಿಲ್ಲ, ದೀಪವಿಲ್ಲ, ಕಿವಿಯೇ ಹೇಳಬೇಕು. ತಪ್ಪಿದರೆ ಹಲ್ಲುಗಳು ಅರಚುತ್ತವೆ, ಗೇರು ಕೂರದಿದ್ದರೆ ಗಾಡಿ ಹಿಂದಕ್ಕೆ ಜಾರುತ್ತದೆ, ಹಿಂದಿರುವುದು ಕಣಿವೆ. ಪೆಟ್ರೋಲು ಲಾರಿಯ ಎಂಜಿನನ್ನು ಮುಂದಿನಿಂದ ಸರಳು ಹಾಕಿ ತಿರುಗಿಸುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕದಲ್ಲಿಯೇ ಇಡಬೇಕು, ಹಿಡಿಯನ್ನು ಸುತ್ತಬಾರದು. ಎಂಜಿನು ಹಿಂದಕ್ಕೆ ಒದೆದರೆ ಸುತ್ತಿದ ಹೆಬ್ಬೆರಳು ಮುರಿಯುತ್ತದೆ. ಇಳಿಯುವಾಗ ನಿಯಮ ಒಂದೇ: ಯಾವ ಗೇರಿನಲ್ಲಿ ಹತ್ತಿದೆಯೋ ಅದರಲ್ಲಿಯೇ ಇಳಿ. ಬ್ರೇಕನ್ನೇ ನಂಬಿದರೆ ಅದರ ಉರುಳೆ ಕಾದು, ಹಿಡಿತ ಸಡಿಲಿ, ಒಂಬತ್ತನೆಯ ತಿರುವಿನಲ್ಲಿ ಇದ್ದ ಬ್ರೇಕು ಆರನೆಯ ತಿರುವಿನಲ್ಲಿ ಇರುವುದಿಲ್ಲ.

ಹೀಗೆ ಆ ಯಂತ್ರ ಅರ್ಧ ಯಂತ್ರ. ಉಳಿದರ್ಧವನ್ನು ಮನುಷ್ಯ ತನ್ನ ಕಿವಿ, ಕಾಲು, ಭುಜಗಳಿಂದ ತುಂಬಬೇಕಾಗಿತ್ತು. ಅಂಥ ಕೆಲಸದಲ್ಲಿ ತೊಡಗಿದವನಿಗೆ ತಾನು ಬೇಕಾದವನೆಂಬ ಅರಿವು ಪ್ರತಿ ಕ್ಷಣದಲ್ಲಿಯೂ ಇರುತ್ತದೆ. ಮನುಷ್ಯನಿಗೆ ಸುಖಕ್ಕಿಂತ ಈ ಅರಿವು ಹೆಚ್ಚು ಪ್ರಿಯವಾದದ್ದೆಂದು ನನಗನ್ನಿಸುತ್ತದೆ. ಇಂದಿನ ಲಾರಿಯಲ್ಲಿ ಚಕ್ರವನ್ನು ಒಂದು ಬೆರಳಿನಿಂದ ತಿರುಗಿಸಬಹುದು, ಅದು ಒಳ್ಳೆಯದೇ, ಆದರೆ ಒಂದು ಬೆರಳಷ್ಟೇ ಬೇಕಾದವನಿಗೆ ಉಳಿದ ಮೈ ಏಕಿದೆಯೆಂಬ ಪ್ರಶ್ನೆ ಹುಟ್ಟದಿರಲಾರದು. ಮುದುಕರ ಹಂಬಲದಲ್ಲಿ ಈ ಪ್ರಶ್ನೆ ಅಡಗಿದೆ. ಅದನ್ನು ನಾವು ಗೌರವದಿಂದ ಕೇಳಬೇಕು.

ಆದರೆ ಇಲ್ಲಿಯೇ ಒಂದು ತೊಡಕು. ಅಪಾಯವೇ ಕಲಿಸಿದ ಕೌಶಲವನ್ನು ಹೊಗಳುವಾಗ ಆ ಪಾಠಶಾಲೆಯಲ್ಲಿ ಅನುತ್ತೀರ್ಣರಾದವರು ಎಲ್ಲಿಗೆ ಹೋದರೆಂಬುದನ್ನೂ ಕೇಳಬೇಕಷ್ಟೆ? ನಮ್ಮ ಶಾಲೆಗಳಲ್ಲಿ ಅನುತ್ತೀರ್ಣನಾದವನು ಮತ್ತೆ ಪರೀಕ್ಷೆಗೆ ಕುಳಿತುಕೊಳ್ಳುತ್ತಾನೆ. ಘಾಟಿಯಲ್ಲಿ ಅನುತ್ತೀರ್ಣನಾದವನು ಜಗಲಿಯ ಮೇಲೆ ಕುಳಿತು ಕಥೆ ಹೇಳಲು ಉಳಿಯುವುದಿಲ್ಲ. ಹಳೆಯ ಕಾಲದ ಸಾಕ್ಷಿಗಳೆಲ್ಲ ಗೆದ್ದವರೇ. ಸೋತವರ ಸಾಕ್ಷ್ಯ ನ್ಯಾಯಾಲಯಕ್ಕೆ ಬಂದೇ ಇಲ್ಲ. ಹಾಗಿರುವಾಗ ನೆನಪು ಕೊಟ್ಟ ತೀರ್ಪನ್ನು ಅಂತಿಮವೆಂದು ಒಪ್ಪಬಹುದೆ?

ಇನ್ನೊಂದು ತೊಡಕು, ನನಗೆ ಇದೇ ಹೆಚ್ಚಿನದು. ಲಾರಿಯಲ್ಲಿ ಇಬ್ಬರಿರುತ್ತಿದ್ದರು. ಚಾಲಕನ ನೆನಪುಗಳನ್ನು ಗಂಟೆಗಟ್ಟಲೆ ಕೇಳಿದ್ದೇನೆ. ಆ ನೆನಪುಗಳಲ್ಲಿ ಲಾರಿಗೆ ಹೆಸರಿದೆ, ಮಾಲೀಕನಿಗೆ ಹೆಸರಿದೆ, ತಿರುವುಗಳಿಗೆ ಕೂಡ ಹೆಸರುಗಳಿವೆ. ಎರಡನೆಯವನಿಗೆ ಮಾತ್ರ ಹೆಸರಿಲ್ಲ. ಅವನು ‘ಹುಡುಗ’. ಕ್ಲೀನರ್ ಹುಡುಗ. ಏರಿನಲ್ಲಿ ಲಾರಿ ಮುಗ್ಗರಿಸಿದಾಗ ನೆಲಕ್ಕೆ ಹಾರಿ, ಹಿಂದಿನ ಚಕ್ರಕ್ಕೆ ಮರದ ಕೊರಡು ಕೊಟ್ಟವನು ಅವನು. ಯೋಚಿಸಿ ನೋಡಿ: ಏಳು ಟನ್ನಿನ ಹೊರೆ ಹಿಂದಕ್ಕೆ ಜಾರುತ್ತಿರುವಾಗ ಅದರ ಚಕ್ರದ ಹಿಂದಕ್ಕೆ ಕೈ ಚಾಚುವ ಕೆಲಸವನ್ನು ಆ ಎಂಜಿನಿನ ತಯಾರಕರು ಯಾವ ಪುಸ್ತಕದಲ್ಲಿಯೂ ಬರೆದಿರಲಿಲ್ಲ; ನಾವು ಅದನ್ನು ಹನ್ನೆರಡು ವರ್ಷದ ಮಗುವಿಗೆ ಕೊಟ್ಟಿದ್ದೆವು. ಕುದಿಯುವ ರೇಡಿಯೇಟರಿಗೆ ತೊರೆಯಿಂದ ನೀರು ತಂದವನು, ಆನೆಯ ಸದ್ದಿಗೆ ಕಿವಿಗೊಟ್ಟು ಹೊರೆಯ ಮೇಲೆ ಮಲಗಿದವನು, ಸಕ್ಕರೆ ಮೂಟೆಯಾದರೆ ಇರುವೆಗಳೊಡನೆ, ಹುಣಸೆಯಾದರೆ ಅದರ ಕಾವಿನೊಡನೆ ರಾತ್ರಿ ಕಳೆದವನು ಅವನೇ. ಊಟವೇ ಬಹುಮಟ್ಟಿಗೆ ಅವನ ಸಂಬಳ. ಮುಂದೆ ಚಕ್ರ ಹಿಡಿಯುವುದನ್ನು ಕಲಿಸುತ್ತಾರೆಂಬ ಆಸೆಯೇ ಉಳಿದ ಸಂಬಳ. ಕೆಲವರಿಗೆ ಕಲಿಸಿದರು, ನಿಜ. ಇಂದು ಚಾಲಕರಾಗಿ ಕಥೆ ಹೇಳುವ ಹಿರಿಯರಲ್ಲಿ ಅನೇಕರು ಮೊದಲು ಆ ಹುಡುಗರೇ ಆಗಿದ್ದರು. ಆಶ್ಚರ್ಯವೆಂದರೆ ಅವರೂ ತಮ್ಮ ಕಥೆಯನ್ನು ಚಕ್ರ ಹಿಡಿದ ದಿನದಿಂದಲೇ ಪ್ರಾರಂಭಿಸುತ್ತಾರೆ. ಕೊರಡು ಹಿಡಿದ ವರ್ಷಗಳನ್ನು ಒಂದು ವಾಕ್ಯದಲ್ಲಿ ದಾಟಿಬಿಡುತ್ತಾರೆ.

ಕಾನೂನು ಸುಮ್ಮನಿರಲಿಲ್ಲ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನವು ಹತ್ತು ವರ್ಷಗಳೊಳಗಾಗಿ ಹದಿನಾಲ್ಕು ವಯಸ್ಸಿನವರೆಗಿನ ಮಕ್ಕಳೆಲ್ಲರಿಗೂ ಉಚಿತ ಶಿಕ್ಷಣ ಕೊಡಲು ರಾಜ್ಯ ಪ್ರಯತ್ನಿಸಬೇಕೆಂದಿತು. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆಯು ವಯಸ್ಕನಿಗೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆಗಳ ಮಿತಿಯನ್ನು ಹಾಕಿತು. ಮಕ್ಕಳನ್ನು ಯಾವ ಕೆಲಸಕ್ಕೂ ಸೇರಿಸಿಕೊಳ್ಳಬಾರದೆಂದು ಹೇಳಿತು. ಆದರೆ ಆ ಕಾಯಿದೆ ಅನ್ವಯಿಸಿದ್ದು ಐವರು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳಿಗೆ. ಒಂದೇ ಲಾರಿ, ಒಬ್ಬ ಚಾಲಕ, ಒಬ್ಬ ಹುಡುಗ ಎಂಬ ಲೆಕ್ಕದಲ್ಲಿ ನಡೆಯುತ್ತಿದ್ದ ನಮ್ಮ ಕಡೆಯ ಸಾಗಣೆ ಆ ಜಾಲರಿಯ ಕಣ್ಣಿನಲ್ಲಿ ನುಸುಳಿಹೋಯಿತು. ಶಿಕ್ಷಣವು ಮಗುವಿನ ಹಕ್ಕೆಂದು ಕಾಯಿದೆಯಾಗಿ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಸಂವಿಧಾನ ಹೇಳಿದ ಹತ್ತು ವರ್ಷಕ್ಕೂ ಅದಕ್ಕೂ ನಡುವೆ ಐವತ್ತು ವರ್ಷಗಳ ಹುಡುಗರು ಇದ್ದಾರೆ.

ಉಪಾಧ್ಯಾಯನಾದವನಿಗೆ ಇದು ಇತಿಹಾಸದ ಮಾತಷ್ಟೇ ಅಲ್ಲ. ನನ್ನ ತರಗತಿಯ ಒಬ್ಬ ಬಾಲಕ, ಐದನೆಯ ತರಗತಿಯವನು, ಲೆಕ್ಕದಲ್ಲಿ ಚುರುಕಾದವನು, ಒಂದು ದಿನ ನನ್ನ ಮೇಜಿನ ಬಳಿಗೆ ಬಂದು, ‘ಲಾರಿಗೆ ಹೋಗುವುದಕ್ಕೆ ಎಷ್ಟನೆಯ ಕ್ಲಾಸು ಬೇಕು ಸಾರ್?’ ಎಂದು ಕೇಳಿದ. ಏಕೆಂದು ವಿಚಾರಿಸಿದೆ. ಅವನ ತಾತ ಹೇಳುವ ಕಥೆಗಳಲ್ಲಿ ಲಾರಿಯ ಕಾಲಕ್ಕಿಂತ ಒಳ್ಳೆಯ ಕಾಲವೇ ಇರಲಿಲ್ಲವಂತೆ, ತಾತ ಮೂರನೆಯ ತರಗತಿಗೇ ಶಾಲೆ ಬಿಟ್ಟು ಹೊರಟನಂತೆ, ಊರೂರು ನೋಡಿದನಂತೆ. ಬಾಲಕನ ಕಣ್ಣು ಹೊಳೆಯುತ್ತಿತ್ತು. ಆ ಹೊಳಪನ್ನು ನಂದಿಸುವುದು ಯಾವ ಉಪಾಧ್ಯಾಯನಿಗೂ ಪ್ರಿಯವಲ್ಲ. ಚಾಲಕನ ವೃತ್ತಿಯನ್ನು ಕೀಳೆಂದು ಹೇಳುವ ಇಚ್ಛೆಯೂ ನನಗಿಲ್ಲ. ಕಾಯಕದಲ್ಲಿ ಮೇಲುಕೀಳೆಣಿಸದ ಶರಣರ ಭಾಷೆ ನಮ್ಮದು. ಆದರೆ ಒಬ್ಬ ಮುದುಕನ ಸಿಹಿ ನೆನಪು ಒಬ್ಬ ಬಾಲಕನ ಶಾಲೆಯ ಬಾಗಿಲಿಗೆ ಬೀಗವಾಗಬಹುದೆಂಬುದು ಅಂದು ನನಗೆ ಸ್ಪಷ್ಟವಾಯಿತು. ನೆನಪಿಗೂ ಹೊಣೆಯಿದೆ. ಸುಳ್ಳು ಹೇಳಬಾರದೆಂಬ ನೀತಿ ನಡೆದ ಸಂಗತಿಗಳಿಗೆ ಮಾತ್ರ ಸಂಬಂಧಿಸಿದುದಲ್ಲ. ಯಾವುದನ್ನು ಹೇಳಿ ಯಾವುದನ್ನು ಬಿಟ್ಟೆವೆಂಬುದಕ್ಕೂ ಸಂಬಂಧಿಸಿದೆ. ಪ್ರತಿಯೊಂದು ವಾಕ್ಯವೂ ನಿಜವಾಗಿದ್ದು ಒಟ್ಟು ಚಿತ್ರ ಸುಳ್ಳಾಗಿರುವುದು ಸಾಧ್ಯ.

ಈ ದೋಷ ನಮ್ಮ ಬೆಟ್ಟಕ್ಕೆ ಮಾತ್ರ ಸೇರಿದುದೆಂದು ತಿಳಿಯಬಾರದು. ಆ ಲಾರಿಗಳ ತವರಾದ ಇಂಗ್ಲೆಂಡಿನಲ್ಲಿಯೂ ಹಳೆಯ ಸಾಗಣೆಯ ದಿನಗಳಿಗಾಗಿ ಹಂಬಲಿಸುವವರು ಅಸಂಖ್ಯರು. ಹಳೆಯ ಲಾರಿಗಳನ್ನು ತಿದ್ದಿ ತೀಡಿ ಬಣ್ಣ ಹಚ್ಚಿ ಲಂಡನ್ನಿನಿಂದ ಬ್ರೈಟನ್ನಿಗೆ ಮೆರವಣಿಗೆಯಾಗಿ ಓಡಿಸುವ ಪದ್ಧತಿ 1962ರಲ್ಲಿಯೇ ಪ್ರಾರಂಭವಾಯಿತು. ಆದರೆ ಆ ದಿನಗಳು ನಡೆಯುತ್ತಿದ್ದಾಗಲೇ ಅಲ್ಲಿಯವರು ಅವನ್ನು ಹೇಗೆ ಕಂಡಿದ್ದರು? 1957ರಲ್ಲಿ ‘ಹೆಲ್ ಡ್ರೈವರ್ಸ್’ ಎಂಬ ಚಲನಚಿತ್ರ ಬಂದಿತು. ಜಲ್ಲಿ ಸಾಗಿಸುವ ಚಾಲಕರಿಗೆ ಹೊರೆಗಿಷ್ಟೆಂದು ಕೂಲಿ. ಹೆಚ್ಚು ಹೊರೆಗಳಿಗಾಗಿ ಒಬ್ಬರನ್ನೊಬ್ಬರು ಹಿಂದಿಕ್ಕುತ್ತ ಪ್ರಾಣವನ್ನೇ ಪಣಕ್ಕಿಡುವುದು ಅದರ ಕಥೆ. ಅದೇ ವರ್ಷ ಅಲ್ಲಿ ಭಾರಿ ಲಾರಿಗಳ ವೇಗದ ಮಿತಿಯನ್ನು ಗಂಟೆಗೆ 20 ಮೈಲಿಯಿಂದ 30 ಮೈಲಿಗೆ ಏರಿಸಿದರು. ಸಮಕಾಲೀನರು ನರಕವೆಂದು ಹೆಸರಿಟ್ಟುದನ್ನೇ ಉತ್ತರಾಧಿಕಾರಿಗಳು ಸ್ವರ್ಗವೆಂದು ನೆನೆಯುತ್ತಾರೆ.

ಆದರೂ ಅದೇ ದೇಶದಲ್ಲಿ ನೆನಪನ್ನು ನ್ಯಾಯವಾಗಿ ನಿರ್ವಹಿಸಿದ ಉದಾಹರಣೆಯೊಂದು ನನಗೆ ಬಹಳ ಮೆಚ್ಚಿಗೆಯಾಗಿದೆ. ಉತ್ತರ ಇಂಗ್ಲೆಂಡಿನಲ್ಲಿ ಶ್ಯಾಪ್ ಎಂಬ ದಿಬ್ಬವಿದೆ. ಸ್ಕಾಟ್ಲೆಂಡಿನ ಕಡೆಗೆ ಹೋಗುವ ಲಾರಿಗಳೆಲ್ಲ ಸುಮಾರು 1,400 ಅಡಿ ಎತ್ತರದ ಆ ದಾರಿಯನ್ನು ಹಿಮದಲ್ಲಿಯೂ ಮಂಜಿನಲ್ಲಿಯೂ ಹತ್ತಬೇಕಾಗಿತ್ತು. ಎತ್ತರ ನಮ್ಮ ದಿಂಬಂನ ಅರ್ಧವೂ ಇಲ್ಲ, ಹಿಮ ಮಾತ್ರ ನಮಗಿಲ್ಲದ್ದು. 1970ರಲ್ಲಿ ಪಕ್ಕದಲ್ಲಿ ದೊಡ್ಡ ಮೋಟಾರು ಹೆದ್ದಾರಿ ತೆರೆದಾಗ ಹಳೆಯ ದಾರಿ ಮೌನವಾಯಿತು. 1994ರಲ್ಲಿ ಅದರ ನೆತ್ತಿಯಲ್ಲಿ ಒಂದು ಸ್ಮಾರಕದ ಕಲ್ಲನ್ನು ನಿಲ್ಲಿಸಿದರು. ಅದರ ಮೇಲೆ ಯಾವ ಲಾರಿಯ ಹೆಸರನ್ನೂ ಕೆತ್ತಿಲ್ಲ. ಆ ಕಷ್ಟದ ದಾರಿಯಲ್ಲಿ ದುಡಿದ ಚಾಲಕರನ್ನೂ ಅವರ ಜೊತೆಗಾರರನ್ನೂ ಸ್ಮರಿಸಿದೆ; ರಸ್ತೆಯನ್ನು ಕಡಿದವರನ್ನೂ ಕಾಪಾಡಿದವರನ್ನೂ ಸ್ಮರಿಸಿದೆ; ಹಿಮದಲ್ಲಿ ಸಿಕ್ಕಿಬಿದ್ದ ಪ್ರಯಾಣಿಕರಿಗೆ ತಲೆಮಾರುಗಳಿಂದ ಅನ್ನವನ್ನೂ ಆಶ್ರಯವನ್ನೂ ಕೊಟ್ಟ ಸುತ್ತಣ ಹಳ್ಳಿಗಳವರನ್ನೂ ಸ್ಮರಿಸಿದೆ. ಯಂತ್ರವನ್ನು ಬಿಟ್ಟು ಮನುಷ್ಯರನ್ನು, ಅದರಲ್ಲಿಯೂ ಹೆಸರಿಲ್ಲದ ಮನುಷ್ಯರನ್ನು ಕರೆದು ನಿಲ್ಲಿಸಿದ ಆ ಕಲ್ಲಿನ ಬುದ್ಧಿ ನಮ್ಮ ಜಗಲಿಗಳಿಗೂ ಬರಬೇಕು.

ಇಲ್ಲಿ ಎದುರುವಾದ ಮಾಡುವವರು ಹೀಗೆ ಕೇಳಬಹುದು: ‘ಕಷ್ಟವಿತ್ತು, ಒಪ್ಪೋಣ. ಆದರೆ ಆ ಕಷ್ಟದಲ್ಲಿ ಬೆಳೆದ ಸದ್ಗುಣಗಳು ಇಂದು ಎಲ್ಲಿವೆ? ಅಂದು ಘಾಟಿಯಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಹಿಂದೆ ಬಂದ ಲಾರಿ ನಿಲ್ಲದೆ ಹೋಗುತ್ತಿರಲಿಲ್ಲ. ಇಂದು ಯಾರು ನಿಲ್ಲಿಸುತ್ತಾರೆ?’ ಮಾತು ನಿಜವೇ. ಎಲ್ಲ ಹಿರಿಯರೂ ಇದನ್ನು ಹೇಳುತ್ತಾರೆ. ಸಲಕರಣೆ ಹಂಚಿಕೊಂಡರು, ಹಗ್ಗ ಕಟ್ಟಿ ಎಳೆದರು, ಬುತ್ತಿಯನ್ನು ಬಿಚ್ಚಿದರು. ಕನ್ನಡದವನು, ತಮಿಳಿನವನು, ಮಲೆಯಾಳದವನು ಎಂದು ಕೇಳಲಿಲ್ಲ. ಗಡಿಯ ಸೀಮೆಯಲ್ಲಿ ಬದುಕುವ ನಮಗೆ ಇದು ಸಣ್ಣ ಮಾತಲ್ಲ. ಆದರೆ ಈ ಗುಣದ ಬೇರನ್ನು ಸ್ವಲ್ಪ ಕೆದಕಿ ನೋಡೋಣ. ನಾಳೆ ನಾನೂ ಇದೇ ತಿರುವಿನಲ್ಲಿ ನಿಲ್ಲಬಹುದೆಂಬ ಅರಿವು ಅದರ ಬೇರು. ಹಾಗೆಂದು ಅದು ಗುಣವಲ್ಲವೆಂದು ನಾನು ಹೇಳುವುದಿಲ್ಲ. ಸ್ವಾರ್ಥದಲ್ಲಿ ಹುಟ್ಟಿದ ಸ್ನೇಹವೂ ಅಭ್ಯಾಸದಿಂದ ನಿಸ್ವಾರ್ಥವಾಗಬಲ್ಲದು. ಇಂದಿನ ಚಾಲಕ ನಿಲ್ಲಿಸದಿರುವುದಕ್ಕೆ ಅವನ ಹೃದಯ ಕಲ್ಲಾದುದು ಕಾರಣವಲ್ಲ. ಕೆಟ್ಟುನಿಂತವನ ಕೈಯಲ್ಲಿ ಫೋನು ಇದೆಯೆಂದು ಅವನಿಗೆ ತಿಳಿದಿದೆ. ಸಹಾಯದ ಅಗತ್ಯ ಕಡಿಮೆಯಾದುದನ್ನು ನಾವು ಸಹಾಯಬುದ್ಧಿ ಕಡಿಮೆಯಾಯಿತೆಂದು ಓದಿಕೊಳ್ಳುತ್ತಿದ್ದೇವೆ. ಶುಶ್ರೂಷೆ ಶ್ರೇಷ್ಠವಾದ ಗುಣ. ಅದನ್ನು ಉಳಿಸಿಕೊಳ್ಳಲೆಂದು ಪ್ಲೇಗು ಮರಳಿ ಬರಲೆಂದು ಹರಸುವವರಿದ್ದಾರೆಯೆ?

ಇನ್ನೂ ಹಿಂದಕ್ಕೆ ಹೋದರೆ ಈ ಹಂಬಲದ ಬುಡವೇ ಸಿಕ್ಕುವುದಿಲ್ಲ. ಲಾರಿ ಬಂದಾಗ ಎತ್ತಿನ ಗಾಡಿಯವರು ಅತ್ತಿದ್ದಾರು. ಅವರ ಗಾಡಿಗಳು ಬಂದಾಗ ಹೇರೆತ್ತಿನವರು ಅತ್ತಿದ್ದಾರು. ಕಾರ್ನ್‌ವಾಲಿಸನ ಸೈನ್ಯಕ್ಕೆ 1791–92ರಲ್ಲಿ ಧಾನ್ಯ ಹೊತ್ತ ಲಂಬಾಣಿಗರ ಸಾವಿರಾರು ಎತ್ತುಗಳಿಗೆ ಗಾಡಿಯ ದಾರಿಯೇ ಬೇಕಿರಲಿಲ್ಲ. ಅದಕ್ಕೂ ಒಂದು ವರ್ಷ ಮೊದಲು, 1790ರ ಸೆಪ್ಟೆಂಬರಿನಲ್ಲಿ, ಟಿಪ್ಪು ಸುಲ್ತಾನನು ನಮ್ಮ ಪಕ್ಕದ ಗಜ್ಜಲಹಟ್ಟಿ ಕಣಿವೆಯಲ್ಲಿ ಫಿರಂಗಿಗಳೊಡನೆ ಇಳಿದು ಸತ್ಯಮಂಗಲದಲ್ಲಿ ಕರ್ನಲ್ ಫ್ಲಾಯ್ಡನ ಮೇಲೆ ಬಿದ್ದಾಗ ಆ ಫಿರಂಗಿಗಳನ್ನು ಎಳೆದವರು ಯಾರೆಂದು ಇತಿಹಾಸ ಬರೆದಿಲ್ಲ. 1909ರಲ್ಲಿ ಗಾಂಧಿಯವರು ಹಡಗಿನಲ್ಲಿ ಕುಳಿತು ‘ಹಿಂದ್ ಸ್ವರಾಜ್’ ಬರೆದಾಗ ರೈಲನ್ನೇ ಕೆಡುಕಿನ ವಾಹನವೆಂದರು. ಅವರ ಅಳತೆಗೋಲಿನಲ್ಲಿ ನಮ್ಮ ಮುದ್ದಿನ ಕಾಮೆಟ್ಟು ಪತನದ ಇನ್ನೊಂದು ಮೆಟ್ಟಿಲೇ ಹೊರತು ಸುವರ್ಣಯುಗವಲ್ಲ. ಗಾಂಧಿಯವರ ವಾದವನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಆದರೆ ಅದು ಪ್ರಾಮಾಣಿಕವಾದ ವಾದ. ವೇಗ ಬೇಡವೆನ್ನುವವನು ಎಲ್ಲ ವೇಗವನ್ನೂ ಬೇಡವೆನ್ನಬೇಕು. ತನ್ನ ಬಾಲ್ಯದ ವೇಗವಷ್ಟೇ ಸರಿ, ಅದಕ್ಕಿಂತ ಮುಂದಿನದು ತಪ್ಪು ಎನ್ನುವುದು ವಾದವಲ್ಲ, ವಾತ್ಸಲ್ಯ.

ಹಳೆಯ ಲಾರಿಗೂ ಇಂದಿನ ತೊಂದರೆಗೂ ಇರುವ ನಂಟನ್ನು ನಾವು ಕಾಣದಿರುವುದು ಈ ವಾತ್ಸಲ್ಯದ ಇನ್ನೊಂದು ಫಲ. ಸತ್ಯಮಂಗಲದ ಕಾಡು 2013ರಲ್ಲಿ ಹುಲಿಗಳ ರಕ್ಷಿತ ಪ್ರದೇಶವಾಯಿತು. ಮದರಾಸು ಉಚ್ಚ ನ್ಯಾಯಾಲಯದ ಆದೇಶದಂತೆ 2022ರ ಫೆಬ್ರವರಿಯಲ್ಲಿ ದಿಂಬಂ ಘಾಟಿಯ ರಾತ್ರಿ ಸಂಚಾರಕ್ಕೆ ನಿಷೇಧ ಬಂದಾಗ, ಸಂಜೆ ಕೊಯ್ದ ತರಕಾರಿಯನ್ನು ಬೆಳಗಿನ ಪೇಟೆಗೆ ಮುಟ್ಟಿಸಬೇಕಾದ ನಮ್ಮ ರೈತರು ಕೆರಳಿದರು, ಅಂಗಡಿಗಳು ಮುಚ್ಚಿದವು. ಅವರ ಸಂಕಟ ನಿಜ. ರಾತ್ರಿಯಲ್ಲಿ ಚಕ್ರಕ್ಕೆ ಸಿಕ್ಕಿ ಸತ್ತ ಜಿಂಕೆ, ಚಿರತೆಗಳ ಸಾವೂ ನಿಜ. ಆಗ ಒಬ್ಬ ಹಿರಿಯರು ನನ್ನೊಡನೆ, ‘ನಮ್ಮ ಕಾಲದ ಲಾರಿಗಳು ಒಂದು ಮೊಲವನ್ನೂ ಕೊಲ್ಲಲಿಲ್ಲ’ ಎಂದರು. ಇರಬಹುದು, ಆ ನಿಧಾನದ ಗಾಡಿಗಳನ್ನು ಕಂಡು ಮೊಲವೇ ದಾರಿ ಬಿಡುತ್ತಿದ್ದಿರಬೇಕು. ಆದರೆ ಇಂದು ತಿರುವಿನಲ್ಲಿ ಸಿಕ್ಕಿಕೊಂಡು ಎರಡು ಕಡೆಯ ಸಂಚಾರವನ್ನೂ ನಿಲ್ಲಿಸುವ ಬಹುಚಕ್ರದ ಲಾರಿ ಆಕಾಶದಿಂದ ಬೀಳಲಿಲ್ಲ. ಆ ಮೆರವಣಿಗೆಯ ಮೊದಲ ಸಾಲಿನಲ್ಲಿ ನಡೆದುದು ಮುದ್ದಾದ ಮೂಗಿನ ಬೆಡ್‌ಫೋರ್ಡೇ. ಅಜ್ಜನನ್ನು ಹೊಗಳಿ ಮೊಮ್ಮಗನನ್ನು ಬೈಯುವವರು ಇಬ್ಬರ ಮುಖದಲ್ಲಿಯೂ ಇರುವ ಒಂದೇ ಹೋಲಿಕೆಯನ್ನು ನೋಡಬೇಕು. ಕಬ್ಬಿನ ಲಾರಿಯಿಂದ ಜಲ್ಲೆಗಳನ್ನು ಎಸೆಯಿಸಿಕೊಂಡು ರುಚಿ ಕಂಡ ಆನೆಗಳು ರಸ್ತೆಯ ಪಕ್ಕದಲ್ಲಿಯೇ ಕಾದು ನಿಲ್ಲುತ್ತವೆ. ಅವುಗಳಿಗೂ ಲಾರಿಯ ಮೇಲೆ ಈಗ ಒಂದು ಬಗೆಯ ಹಂಬಲವೇ ಹುಟ್ಟಿದೆಯೆನ್ನಬೇಕು.

ಹಾಗಾದರೆ ನೆನೆಯಲೇಬಾರದೆ? ನನ್ನ ಅಭಿಪ್ರಾಯ ಅದಲ್ಲ. ನಾನು ಹುಟ್ಟುವ ವೇಳೆಗೆ ಆ ಲಾರಿಗಳಲ್ಲಿ ಬಹುಪಾಲು ಗುಜರಿಯಾಗಿದ್ದವು. ಒಂದನ್ನೂ ಘಾಟಿಯಲ್ಲಿ ನಾನು ಕಂಡವನಲ್ಲ. ಆದರೂ ಹಿರಿಯರು ಕಾಮೆಟ್ಟಿನ ದನಿಯನ್ನು ಬಾಯಲ್ಲಿ ಮಾಡಿ ತೋರಿಸಿದಾಗ ನನ್ನ ಮೈಯಲ್ಲಿಯೂ ಏನೋ ಅಲುಗುತ್ತದೆ. ಕಾಣದುದಕ್ಕಾಗಿ ಹಂಬಲಿಸುವುದು ಮನುಷ್ಯನಿಗೆ ಮಾತ್ರ ಸಾಧ್ಯವಾದ ವಿಚಿತ್ರ. ಅದು ಹಿರಿಯರಿಂದ ನಮಗೆ ಬರುವ ಆಸ್ತಿ. ಆದರೆ ಆಸ್ತಿಯ ಜೊತೆಗೆ ಸಾಲವೂ ಬರುತ್ತದೆ. ಒಂದನ್ನು ಪಡೆದು ಇನ್ನೊಂದನ್ನು ನಿರಾಕರಿಸುವುದು ನ್ಯಾಯವಲ್ಲ. ಚಾಲಕನ ಕೌಶಲವನ್ನು ಸ್ವೀಕರಿಸಿದ ನಾವು ಹುಡುಗನ ಕೊರಡನ್ನೂ ಸ್ವೀಕರಿಸಬೇಕು.

ಇದಕ್ಕಾಗಿ ನಮ್ಮ ಶಾಲೆಗಳಲ್ಲಿ ಮಾಡಬಹುದಾದ ಒಂದು ಕೆಲಸವನ್ನು ಸಹೋದ್ಯೋಗಿಗಳ ಮುಂದಿಡುತ್ತೇನೆ. ನಾಲ್ಕು, ಐದನೆಯ ತರಗತಿಯ ಮಕ್ಕಳಿಗೆ ಕನ್ನಡ ಬರವಣಿಗೆಯ ಅಭ್ಯಾಸಕ್ಕೆಂದು ಮನೆಯ ಹಿರಿಯರ ಸಾಗಣೆಯ ನೆನಪುಗಳನ್ನು ಬರೆದುಕೊಂಡು ಬರಲು ಹೇಳಬಹುದು. 2017ರ ಜುಲೈಯಲ್ಲಿ ಸರಕು ಸೇವಾ ತೆರಿಗೆ ಬಂದ ಮೇಲೆ ಗಡಿಯ ತೆರಿಗೆ ಠಾಣೆಗಳು ಮುಚ್ಚಿ ಅಲ್ಲಿ ಲಾರಿಯವರು ಕಾಯುತ್ತಿದ್ದ ರಾತ್ರಿಗಳ ಕಥೆಗಳೂ ಆಗಲೇ ಹಳೆಯವಾಗಿವೆ. ತಡಮಾಡಿದರೆ ಹೇಳುವವರೇ ಇರುವುದಿಲ್ಲ. ಮಕ್ಕಳು ಏನು ಬೇಕಾದರೂ ಕೇಳಲಿ. ಆದರೆ ಲಾರಿಯ ಹೆಸರಿನ ಜೊತೆಗೆ ಕೊರಡು ಹಿಡಿದವನ ಹೆಸರನ್ನೂ, ಅವನಿಗೆ ಆಗ ಎಷ್ಟು ವಯಸ್ಸೆಂಬುದನ್ನೂ, ಅವನ ಕೈಗೆ ಏನು ಕೊಟ್ಟರೆಂಬುದನ್ನೂ ತಪ್ಪದೆ ಕೇಳಬೇಕು. ನನ್ನ ತರಗತಿಯಲ್ಲಿ ಇದನ್ನು ಮಾಡಿಸಿದ್ದೇನೆ. ಲಾರಿಗೆ ಹೋಗಲು ಎಷ್ಟನೆಯ ಕ್ಲಾಸು ಬೇಕೆಂದು ಕೇಳಿದ ಬಾಲಕನೂ ಬರೆದುಕೊಂಡು ಬಂದ. ಅವನ ಪುಟದಲ್ಲಿ ಕಾಮೆಟ್ಟಿನ ವರ್ಣನೆ ಮೂರು ಸಾಲಿಗೆ ಮುಗಿದಿತ್ತು. ಉಳಿದುದೆಲ್ಲ ತಾತನ ಎಡಗೈಯ ಎರಡು ಬೆರಳುಗಳ ಸಂಗತಿ. ಅದನ್ನು ಮನೆಯಲ್ಲಿ ಅದುವರೆಗೆ ಯಾರೂ ಕೇಳಿರಲಿಲ್ಲವಂತೆ, ತಾತನೂ ಹೇಳಿರಲಿಲ್ಲವಂತೆ.